ಬಸರಿ ಗಿಡ ಮತ್ತು ಅಕ್ಕೋರ ಸಿಟ್ಟು

ಅಕ್ಕೋರಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದುದು ಕಿವಿಗಳು. ಮುಖ ಹಾಗೇ ಇರುತ್ತಿತ್ತು, ದನಿಯೂ ಏರುತ್ತಿರಲಿಲ್ಲ. ಎಣ್ಣೆ ಹಚ್ಚಿ ಬಿಗಿಯಾಗಿ ಹಿಂದಕ್ಕೆ ಬಾಚಿದ ಕೂದಲಿನ ಪಕ್ಕದಲ್ಲಿ ಆ ಎರಡು ದೊಡ್ಡ ಕಿವಿಗಳು ಮಾತ್ರ ಬುಡದಿಂದ ತುದಿಯವರೆಗೆ ಕೆಂಪೇರುತ್ತಿದ್ದವು. ಅವರು ತರಗತಿಯೊಳಗೆ ಕಾಲಿಟ್ಟ ಕೂಡಲೇ ನಾವು ಹುಡುಗಿಯರು ಪುಸ್ತಕ ತೆಗೆಯುವ ಮೊದಲು ಅವರ ಕಿವಿ ನೋಡುತ್ತಿದ್ದೆವು.

ಪಾಠ ಹೇಳುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಇವರು ಕೆರೂರಿನಲ್ಲಿ ನಮಗೆ ವಿಜ್ಞಾನ ಕಲಿಸಿದವರು. ಮದುವೆಯಾಗಿರಲಿಲ್ಲ. ಇಳಕಲ್ ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಡೆಯುವ ಹೆಂಗಸು ಇಡೀ ಊರಿಗೆ ಅವರೊಬ್ಬರೇ. ಯಾರಾದರೂ ಬೂಟು ನೋಡಿ ನಕ್ಕರೆ, ನಿಂತು, "ಯಾಕ್ರಿ, ನಿಮ್ಮ ಕಾಲಿಗಿ ಚುಚ್ಚೂ ಮುಳ್ಳು ನನ್ನ ಕಾಲಿಗಿ ಚುಚ್ಚೂದಿಲ್ಲೇನ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ನಮಗೆ ಅವರು ಪದೇ ಪದೇ ಹೇಳುತ್ತಿದ್ದ ಮಾತೊಂದಿತ್ತು: "ಸಿಟ್ಟು ಬಂದ್ರ ಅಳಬ್ಯಾಡ್ರಿ. ನೀವು ಅತ್ತ್ರ ಎದುರಿನವರಿಗೆ ಅನುಕೂಲ ಆಗ್ತೈತಿ. ನಿಂತು ಮಾತಾಡ್ರಿ."

ಅವರ ಕೈಗೆ ಕ್ಯಾಮೆರಾ ಬಂದದ್ದೂ ಸಿಟ್ಟಿನಿಂದಲೇ. ಶಿಕ್ಷಕರ ಕೋಣೆಯಲ್ಲಿ ಯಾರೋ ಒಂದು ಕ್ಯಾಲೆಂಡರ್ ತೂಗುಹಾಕಿದ್ದರು. ಅದರಲ್ಲಿ ಅಮೆರಿಕದ ಯಾವುದೋ ಬೆಟ್ಟದ ತುಂಬ ಆಸ್ಪೆನ್ ಎಂಬ ಮರಗಳು. ಬಿಳಿ ಕಾಂಡ, ಮೈತುಂಬ ಅರಿಸಿನದಂಥ ಎಲೆ. ಜೊತೆಯ ಮಾಸ್ತರರೊಬ್ಬರು ಅದರ ಮುಂದೆ ನಿಂತು, "ಎಲಿ ಉದುರೂದಂದ್ರ ಇದು ನೋಡ್ರಿ. ನಮ್ಮ ಕಡೆ ಏನೈತಿ, ಬರೇ ಧೂಳಾ" ಅಂದರಂತೆ. ಅಕ್ಕೋರು ಅವತ್ತು ಸಂಜೆಯೇ ಬಾಗಲಕೋಟೆಗೆ ಹೋಗಿ ಒಬ್ಬ ಸ್ಟುಡಿಯೋದವರ ಹತ್ತಿರ ಹಳೆಯ ಡಿಜಿಟಲ್ ಕ್ಯಾಮೆರಾ ಕೊಂಡುತಂದರು. "ಮಂದಿ ಖುಷಿಗೆ ಕ್ಯಾಮೆರಾ ತೊಗೊಂತಾರ. ಸಿಟ್ಟಿಗೆ ತೊಗೊಂಡಾಕಿ ನಾನೊಬ್ಬಾಕಿನ" ಎಂದು ತಾವೇ ಹೇಳಿ ನಗುತ್ತಿದ್ದರು. ಆ ಮಾಸ್ತರರು ದಿನಾ ಬಸ್ಸಿಗೆ ಕಾಯುತ್ತಿದ್ದುದು ಬಾದಾಮಿ ರಸ್ತೆಯ ದೊಡ್ಡ ಬಸರಿ ಮರದ ನೆರಳಿನಲ್ಲಿ; ನಮ್ಮ ಕಡೆಯ ಮಾತಿನಲ್ಲಿ ಅದು ಬಸರಿ ಗಿಡ. ಅಕ್ಕೋರು ಮೊದಲು ಫೋಟೋ ತೆಗೆದದ್ದು ಅದನ್ನೇ.

ಬಸರಿ ಮರ ಎಲೆ ಬದಲಿಸುವುದನ್ನು ನಿಂತು ನೋಡಿದವರು ಕಡಿಮೆ. ಶಿವರಾತ್ರಿಯ ಆಸುಪಾಸಿನಲ್ಲಿ ಮರ ಪೂರ್ತಿ ಹಳದಿಯಾಗುತ್ತದೆ. ಒಂದು ಜೋರು ಗಾಳಿ ಬಂದರೆ ಸಾಕು, ರಸ್ತೆ, ಬಸ್ಸಿನ ನೆತ್ತಿ, ಕಲ್ಲಂಗಡಿ ಮಾರುವವಳ ರಾಶಿ ಎಲ್ಲದರ ಮೇಲೂ ಎಲೆ. ಆಮೇಲೆ ಕೆಲವು ದಿನ ಮರ ಬೋಳು ನಿಲ್ಲುತ್ತದೆ. ನೋಡಿದವರು ಸತ್ತಿದೆ ಅನ್ನಬೇಕು, ಹಾಗೆ. ಆಮೇಲೊಂದು ಬೆಳಿಗ್ಗೆ ಎದ್ದು ಹೋದರೆ ಕೊಂಬೆ ಕೊಂಬೆಗೂ ತಾಮ್ರದ ಬಣ್ಣದ ಚಿಗುರು, ಬಿಸಿಲಿಗೆ ಹಿಡಿದರೆ ಒಳಗಿನ ನರ ಕಾಣುವಷ್ಟು ತೆಳು.

ನಾನು ಓದು ಮುಗಿಸಿ, ಬಾದಾಮಿಯ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಅಕ್ಕೋರು ಇದ್ದ ಓಣಿಗೇ ಸೊಸೆಯಾಗಿ ಬಂದೆ. ಆ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಎಲೆ ಹಣ್ಣಾಗುವ ಕಾಲದಲ್ಲಿ ಬೆಳಿಗ್ಗೆ ನನ್ನ ಸ್ಕೂಟಿಯ ಹಿಂದೆ ಕೂತು ಬಸರಿ ಮರದ ತನಕ ಬರುತ್ತಿದ್ದರು. ಕ್ಯಾಮೆರಾ ಸ್ಟ್ಯಾಂಡಿನ ಮೂರು ಕಾಲು ಅವರ ತೊಡೆಯ ಮೇಲೆ ಅಡ್ಡ. ಅಲ್ಲಿ ಕ್ಯಾಮೆರಾ ಹೂಡಿ ಸುಮ್ಮನೆ ನಿಲ್ಲುತ್ತಿದ್ದರು. "ತೆಗೀರಿ ಅಕ್ಕೋರ, ನಂಗ ಹೊತ್ತಾಗ್ತೈತಿ" ಅಂದರೆ, "ತಡಿಯವಾ, ಗಾಳಿ ಬರ್ಲಿ. ಬೀಳೂ ಎಲಿ ಬೇಕು ನನಗ. ಬಿದ್ದದ್ದು ಎಲ್ಲಾರೂ ತೆಗೀತಾರ" ಅನ್ನುತ್ತಿದ್ದರು. ಅವರಿಗೆ ಆ ಹೊತ್ತಿನಲ್ಲಿ ಮಾತ್ರ ಸಿಟ್ಟು ಇರುತ್ತಿರಲಿಲ್ಲ. ಎಡಗಣ್ಣು ಮುಚ್ಚಿ, ತುಟಿ ಸ್ವಲ್ಪ ತೆರೆದು ನಿಂತ ಅವರನ್ನು ನೋಡಿದರೆ ನಮಗೆ ಪಾಠ ಹೇಳಿದವರು ಇವರೇನಾ ಅನ್ನಿಸುತ್ತಿತ್ತು.

ಒಂದು ವರ್ಷ ನಾವು ಹೋಗುವ ಹೊತ್ತಿಗೆ ಮರದ ಕೆಳಗೆ ಮದುವೆಗೆ ಮುಂಚಿನ ವಿಡಿಯೋ ತೆಗೆಯುವ ತಂಡವೊಂದು ಬಂದಿತ್ತು. ಮದುಮಗಳಾಗುವವಳು ಉದ್ದ ಗೌನು ಹಾಕಿ ಹುಡುಗನ ಪಕ್ಕ ನಿಂತಿದ್ದಳು. ಅವಳ ಮೇಲೆ ಎಲೆ ಉದುರಬೇಕು, ಗಾಳಿ ಇಲ್ಲ. ಇಬ್ಬರು ಉದ್ದ ಬಿದಿರಿನ ಕೋಲು ತಂದು ಕೊಂಬೆಗಳನ್ನು ಬಡಿಯುತ್ತಿದ್ದರು. ಅಕ್ಕೋರ ಕಿವಿ ನೋಡಿದೆ. ಅವರು ನೆಟ್ಟಗೆ ಹೋಗಿ ಜೋಡಿಯ ನಡುವೆ ನಿಂತುಬಿಟ್ಟರು.

"ಆಂಟಿ, ಸರೀರಿ, ಶೂಟಿಂಗ್ ನಡದೈತಿ" ಎಂದ ಕ್ಯಾಮೆರಾದವನು.

"ನಂದೂ ನಡದೈತಿ. ನೀವು ಬಡಿಯೂದು ನಿಲ್ಲಸ್ರಿ, ನಾ ಸರೀತೇನಿ."

"ಎಲಿ ಬೀಳೂವ ಅಲ್ರಿ? ಇವತ್ತಿಲ್ಲ ನಾಳಿ."

"ನೀನೂ ಸಾಯಾಂವನ ಅಲ್ಲೇನಪಾ? ಇವತ್ತ ಬಡೀಲೇನು?"

ಮದುಮಗಳಿಗೆ ನಗು ತಡೆಯಲಾಗಲಿಲ್ಲ. ಅವಳೇ "ಸಾಕ್ರಿ, ಕೋಲು ಇಡ್ರಿ" ಅಂದಳು. ಆಮೇಲೆ ಗಾಳಿ ಬಂತು, ಎಲೆಗಳೂ ಬಿದ್ದವು. ಅವಳ ಫೋಟೋ ತೆಗೆದವರು ಅಕ್ಕೋರು. ಅದು ಆ ಹುಡುಗಿಯ ಮನೆಯ ಗೋಡೆಯಲ್ಲಿ ಈಗಲೂ ಇದೆ.

ಇಷ್ಟೇ ಆಗಿದ್ದರೆ ನಾನಿದನ್ನು ನಗುತ್ತ ಬರೆಯುತ್ತಿದ್ದೆ.

ಬಸರಿ ಮರದ ಹಿಂದಿನ ಹೊಲ ಮಾರಾಟವಾಗಿ ಅಲ್ಲಿ ಮದುವೆ ನಡೆಸುವ ಮಂಗಲ ಕಾರ್ಯಾಲಯವೊಂದು ಎದ್ದಿತು. ದೊಡ್ಡ ಕಮಾನು, ಕಮಾನಿನ ಎರಡೂ ಬದಿ ಸಿಮೆಂಟಿನ ಆನೆ. ಮಾಲೀಕರು ಊರಿನ ದೊಡ್ಡ ಕುಳ; ಎಲ್ಲರೂ ಅವರಿಗೆ ಸಾವಕಾರರು ಅನ್ನುತ್ತಾರೆ. ಬಸರಿ ಮರ ಕಮಾನಿಗೆ ಅಡ್ಡ ಬರುತ್ತದೆ, ರಸ್ತೆಯಿಂದ ಆನೆ ಕಾಣುವುದಿಲ್ಲ ಎಂಬುದು ಅವರ ಸಂಕಟ.

ಅಕ್ಕೋರಿಗೆ ಒಂದು ರೂಢಿಯಿತ್ತು. ಎಲೆ ಬದಲಾಗುವ ದಿನಗಳಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ದಿನಕ್ಕೊಂದು ಫೋಟೋ ಹಾಕುತ್ತಿದ್ದರು. ಹಳದಿ ಮರಕ್ಕೆ ನೂರಾರು ಮಂದಿ ಕೈಮುಗಿದು, ಹೂವು ಹಾಕಿ, ವ್ಹಾ ವ್ಹಾ ಅನ್ನುತ್ತಿದ್ದರು. ಮರ ಬೋಳಾದ ದಿನದ ಫೋಟೋದ ಕೆಳಗೆ ಆ ವರ್ಷ ಅವರು ಬರೆದಿದ್ದರು: "ಚಿಗುರು ಬರೂದೈತಿ. ನೋಡಕೋಂತ ಇರ್ರಿ."

ಸಾವಕಾರರೂ ಅದೇ ಗುಂಪಿನಲ್ಲಿದ್ದರು. ಅವರು ಆ ಬೋಳು ಮರದ ಫೋಟೋ ತೆಗೆದುಕೊಂಡು, ಕೆಳಗಿನ ಸಾಲು ಕತ್ತರಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮರ ಪೂರ್ತಿ ಒಣಗಿದೆ, ಪ್ರಯಾಣಿಕರ ಮೇಲೆ ಬೀಳುವ ಅಪಾಯವಿದೆ ಎಂಬ ಅರ್ಜಿಗೆ ಅಂಟಿಸಿ ಬಾದಾಮಿಯ ಅರಣ್ಯ ಇಲಾಖೆಯ ಕಚೇರಿಗೆ ಕೊಟ್ಟರು. ಕಡಿಯಲು ಅಪ್ಪಣೆ ಸಿಕ್ಕಿತು. ವಿಷಯ ನನಗೆ ತಿಳಿದದ್ದು ಕಚೇರಿಯ ಜವಾನನಿಂದ, ಅವನು ಬ್ಯಾಂಕಿಗೆ ಬಂದಾಗ. "ನಿಮ್ಮ ಅಕ್ಕೋರ ಫೋಟೋ ಭಾಳ ಛಲೋ ಬಂದೈತ್ರಿ" ಎಂದು ಅವನು ಹೊಗಳಿಯೇ ಹೇಳಿದ. ಪಾಪ, ಅವನಿಗೇನು ಗೊತ್ತು.

ನಾನು ಆ ಮಾತನ್ನು ಅಕ್ಕೋರಿಗೆ ಹೇಳಿದ ಹೊತ್ತು ಮರೆಯುವುದಿಲ್ಲ. ಅವರು ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟರು. "ನಂದ?" ಅಂದರು. "ನಾ ತೆಗದದ್ದ?" ಎದ್ದು ಬೂಟು ಹಾಕಿಕೊಂಡರು. ಲೇಸು ಕಟ್ಟದೆಯೇ ಹೊರಟರು, ನಾನು ಬಗ್ಗಿ ಕಟ್ಟಿದೆ.

ಕಚೇರಿಯಲ್ಲಿ ಸಾಹೇಬರು ಕುರ್ಚಿ ತೋರಿಸಿದರು. ಅಕ್ಕೋರು ಕೂರಲಿಲ್ಲ.

"ಆ ಗಿಡ ಸತ್ತಿಲ್ರಿ. ಎಲಿ ಬದಲಿ ಮಾಡೈತಿ. ಈಗ ಹೋಗಿ ನೋಡ್ರಿ, ಚಿಗುರು ತುಂಬೇತಿ."

"ಫೋಟೋದಾಗ ಒಣಗೇತಲ್ರಿ ಟೀಚರ್."

"ಆ ಫೋಟೋ ತೆಗದಾಕಿ ನಾನ. ನಿಮ್ಮ ಮುಂದ ನಿಂತೇನಿ. ನಾನ ಹೇಳಾಕತ್ತೇನಿ, ಅದು ಜೀವಂತ ಐತಿ."

"ಆದೇಶ ಆಗಿಬಿಟ್ಟೈತ್ರಿ. ಈಗ ಏನೂ ಮಾಡಾಕ ಬರೂದಿಲ್ಲ."

"ಇಲ್ಲಿಂದ ಅಲ್ಲಿಗಿ ನಿಮ್ಮ ಜೀಪಿಗಿ ಎಷ್ಟು ಹೊತ್ತಿನ ದಾರಿ ಸಾಹೇಬ್ರ? ಕಿಡಕಿ ತೆಗದು ಒಮ್ಮಿ ಮ್ಯಾಲ ನೋಡಿದ್ರ ಸಾಕು. ನೀವು ದಿನಾ ಅದರ ಕೆಳಗ ಹಾಯ್ದು ಬರ್ತೀರಿ!"

ಸಾಹೇಬರು ಗಂಟೆ ಬಾರಿಸಿ ಚಹಾ ತರಿಸಿದರು. ಅಕ್ಕೋರು ಮುಟ್ಟಲಿಲ್ಲ. ನಾವು ಹೊರಗೆ ಬರುವಾಗ ಮೇಜಿನ ಹಿಂದಿನಿಂದ ಯಾರೋ, "ಮಕ್ಕಳಿಲ್ಲ ಮರಿಯಿಲ್ಲ, ಹೊತ್ತು ಹೋಗಬೇಕಲ್ಲ" ಅಂದದ್ದು ಕೇಳಿಸಿತು. ಅಕ್ಕೋರಿಗೂ ಕೇಳಿಸಿತು. ಅವರು ತಿರುಗಿ ನೋಡಲಿಲ್ಲ. ಆ ಮಾತು ಆಡಿದವನ ಮುಖ ನಾನು ನೋಡಿದ್ದೇನೆ. ಈಗಲೂ ಸಂತೆಯಲ್ಲಿ ಸಿಗುತ್ತಾನೆ, ನಗುತ್ತಾನೆ. ನಾನು ನಗುವುದಿಲ್ಲ.

ಭಾನುವಾರ ಕಚೇರಿಗಳಿಗೆ ರಜೆ. ಅಂದೇ ಮುಂಜಾನೆ ಸಾವಕಾರರ ಆಳುಗಳು ಮರ ಕೊಯ್ಯುವ ಯಂತ್ರ ತಂದರು. ಗರಗಸದ ಸದ್ದು ಓಣಿಯ ತನಕ ಬಂತು. ನಾವು ತಲುಪುವ ಹೊತ್ತಿಗೆ ಅರ್ಧ ಕೊಂಬೆಗಳು ನೆಲದಲ್ಲಿದ್ದವು, ತಾಮ್ರದ ಚಿಗುರಿನ ಸಮೇತ. ಒಣಗಿದ ಮರವಂತೆ! ಕಡಿದಲ್ಲೆಲ್ಲ ಬಿಳಿ ಹಾಲು ಸುರಿಯುತ್ತಿತ್ತು. ಅಷ್ಟೊಂದು ಹಾಲು ಒಂದು ಮರದೊಳಗೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸುತ್ತ ಜನ ಸೇರಿತ್ತು. ಅಕ್ಕೋರ ಫೋಟೋಗಳಿಗೆ ವ್ಹಾ ವ್ಹಾ ಅಂದವರು ಎಷ್ಟೋ ಮಂದಿ ಅಲ್ಲೇ ಇದ್ದರು. ಅಕ್ಕೋರು ಒಬ್ಬೊಬ್ಬರ ಮುಖ ನೋಡಿದರು. "ಏನಾರ ಅನ್ರಿ. ಒಬ್ಬರಾರ ಬಾಯಿ ಬಿಡ್ರಿ" ಅಂದರು. ಒಬ್ಬರು ಫೋನು ನೋಡಿದರು, ಒಬ್ಬರಿಗೆ ಬಸ್ಸು ನೆನಪಾಯಿತು. ಕಲ್ಲಂಗಡಿ ಮಾರುವವಳು ಮಾತ್ರ, "ನಾ ಇನ್ನ ಎಲ್ಲಿ ಕುಂದರ್ಲಿ ಯವ್ವಾ" ಎಂದು ಕೂಗಾಡಿದಳು. ಅವಳನ್ನು ಯಾರು ಕೇಳುತ್ತಾರೆ.

ಸಾವಕಾರರು ಬಿಳಿ ಅಂಗಿಯಲ್ಲಿ ಬಂದು ಕೈಮುಗಿದರು. "ಸಿಟ್ಟಾಗಬ್ಯಾಡ್ರಿ ಅಕ್ಕೋರ. ಒಂದು ಗಿಡ ಹೋದ್ರ ಹತ್ತು ಗಿಡ ಹಚ್ಚತೇನಿ. ಕುಂಡದಾಗಿನವು, ಫಾರಿನ್‌ವು."

ಅಕ್ಕೋರು ಕ್ಯಾಮೆರಾ ಎತ್ತಿದರು. "ಇಲ್ಲಿ ನೋಡ್ರಿ ಸಾವಕಾರ್ರ. ಈ ಕೊಂಬಿ ಮಗ್ಗಲದಾಗ ನಿಂದರ್ರಿ. ನಗ್ರಿ."

ಸಾವಕಾರರು ಮುಖ ತಿರುಗಿಸಿದರು. ಅಕ್ಕೋರು ಆ ಕಡೆ ಹೋದರು. ಅವರು ಮತ್ತೆ ಈ ಕಡೆ ತಿರುಗಿದರು, ಅಕ್ಕೋರು ಈ ಕಡೆ ಬಂದರು. ಕೊನೆಗೆ ಸಾವಕಾರರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕಮಾನಿನೊಳಗೆ ಹೋದರು. ಟವೆಲ್ಲು ಮುಚ್ಚಿದ ಆ ಮುಖದ ಫೋಟೋವನ್ನು ಅಕ್ಕೋರು ಗುಂಪಿಗೆ ಹಾಕಿದರು, ಕೆಳಗೆ ಏನೂ ಬರೆಯಲಿಲ್ಲ. ಮಧ್ಯಾಹ್ನದೊಳಗೆ ಅಕ್ಕೋರನ್ನು ಗುಂಪಿನಿಂದ ತೆಗೆದುಹಾಕಿದರು. ಯಾಕೆಂದು ಕೇಳಿದವರು ಊರಿನಲ್ಲಿ ಒಬ್ಬರೂ ಇಲ್ಲ.

ಅವರು ಹಾಸಿಗೆ ಹಿಡಿಯಲಿಲ್ಲ, ಕ್ಯಾಮೆರಾ ಅಟ್ಟಕ್ಕೆ ಹಾಕಲಿಲ್ಲ. ಮುಂದಿನ ಎಲೆಗಾಲಕ್ಕೆ ಬೇವೂರಿನ ಕಡೆಯ ಅರಳಿ ಮರಗಳಿಗೆ ಹೋದರು. ಜೊತೆಗೆ ಬಾಗಲಕೋಟೆಯ ಕಚೇರಿಗಳಿಗೆ ಅಲೆದರು. ಯಾವ ಮರವನ್ನೂ ಫೋಟೋ ನೋಡಿ ಕಡಿಯಬಾರದು, ಮನುಷ್ಯ ಹೋಗಿ ನೋಡಿ ಬರಬೇಕು ಎಂಬುದಷ್ಟೇ ಅವರ ಬೇಡಿಕೆ. ಬಹಳ ಸಲ ಹೊರಗೆ ಬೆಂಚಿನ ಮೇಲೆ ಕೂರಿಸಿದರು, ಕೂತರು. ಕೊನೆಗೆ ಹಾಗೆಂದು ಸುತ್ತೋಲೆ ಬಂತು. ಹಿಗ್ಗಿದ್ದು ನಾನು; ಅಕ್ಕೋರು ಮಾತ್ರ, "ಕಣ್ಣು ತೆಗದು ನೋಡ್ರಿ ಅಂತ ಹೇಳಾಕ ಒಂದು ಆದೇಶ ಬೇಕಾತು ನೋಡು ಇವರಿಗೆ" ಎಂದು ಇನ್ನೂ ಸಿಟ್ಟಾದರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮೈ ಹಳದಿಯಾಗುವ ಕಾಮಣಿ ಎಂದು ಶುರುವಾದದ್ದು ಯಕೃತ್ತಿನ ಕಾಯಿಲೆಯಾಗಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಕೊನೆಯ ಸಲ ನೋಡಿದಾಗ, ಹಳದಿ ತಿರುಗಿದ ತಮ್ಮ ಅಂಗೈ ತೋರಿಸಿ, "ನೋಡ, ನನಗೂ ಎಲಿಗಾಲ ಬಂತು" ಅಂದರು. ನನಗೆ ಅಳು ಬಂತು. "ಅಳಬ್ಯಾಡಂತ ಎಷ್ಟು ಸಲ ಹೇಳೇನಿ ನಿನಗ" ಎಂದು ಗದರಿದರು.

ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ವೇದಿಕೆಯ ಮೇಲೆ ಅಕ್ಕೋರ ಫೋಟೋ. ಅದಕ್ಕೆ ಎಲ್ಲಕ್ಕಿಂತ ದಪ್ಪ ಹಾರ ಹಾಕಿದವರು ಸಾವಕಾರರು. ಮೈಕು ಹಿಡಿದು, ಅಕ್ಕೋರು ದೊಡ್ಡ ಪರಿಸರ ಪ್ರೇಮಿಗಳು, ಶಾಂತ ಸ್ವಭಾವದವರು, ಯಾರಿಗೂ ಒಂದು ಮಾತು ಅಂದವರಲ್ಲ ಎಂದು ಹೇಳಿದರು. ಅವರ ನೆನಪಿಗೆ ತಮ್ಮ ಕಾರ್ಯಾಲಯದ ಮುಂದೆ ಒಂದು ಸಸಿ ನೆಡುವುದಾಗಿ ಘೋಷಿಸಿದರು. ಚಪ್ಪಾಳೆ ಬಿತ್ತು.

ನಾನು ಎದ್ದು ನಿಂತೆ. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಮಾತಾಡಿ ರೂಢಿ ಇದ್ದವಳು, ಸಭೆಯಲ್ಲಿ ಬಾಯಿ ತೆರೆದವಳಲ್ಲ.

"ಶಾಂತ ಸ್ವಭಾವ ಅಲ್ರಿ. ಅವರಿಗೆ ಸಿಟ್ಟು ಇತ್ತು, ನಿಮ್ಮ ಮ್ಯಾಲೆ ಇತ್ತು. ಬಸರಿ ಗಿಡ ಇದ್ದ ಜಾಗಾದಾಗ ಸಸಿ ಹಚ್ಚತೇನಿ ಅಂತೀರಲ್ಲ, ಆ ಗಿಡ ಕಡಿಸಿದವರು ಯಾರು ಅಂತ ಮೊದಲು ಹೇಳ್ರಿ. ಯಾರು ತೆಗೆದ ಫೋಟೋ ಇಟ್ಟು ಕಡಿಸಿದ್ರಿ ಅದನ್ನೂ ಹೇಳ್ರಿ."

"ಇವತ್ತ್ಯಾಕವಾ ಅದೆಲ್ಲಾ, ದುಃಖದ ದಿನ" ಅಂದರು ಸಾವಕಾರರು. ಯಾರೋ ನನ್ನ ಸೆರಗು ಜಗ್ಗಿದರು. ನಾನು ಕೂರಲಿಲ್ಲ. ಅರ್ಜಿಯಿಂದ ಹಿಡಿದು ಟವೆಲ್ಲಿನ ತನಕ ಎಲ್ಲ ಹೇಳಿದೆ. ಅಳಲಿಲ್ಲ.

ಆಗ ಮುಂದಿನ ಸಾಲಿನಲ್ಲಿದ್ದ ಅಕ್ಕೋರ ತಂಗಿ ಎದ್ದರು. ಹುನಗುಂದದಿಂದ ಬಂದ, ಮೊಣಕಾಲು ನೋವಿನ, ಮಾತು ಕಡಿಮೆಯ ಹೆಂಗಸು. ಮೆಲ್ಲಗೆ ಮೆಟ್ಟಿಲು ಹತ್ತಿ, ಫೋಟೋದ ಮೇಲಿನ ಆ ದಪ್ಪ ಹಾರ ತೆಗೆದು, ಸಾವಕಾರರ ಕೈಯಲ್ಲಿಟ್ಟರು.

"ಇದನ್ನ ಒಯ್ರಿ. ನಿಮ್ಮ ಆನಿಗಿ ಹಾಕ್ರಿ."

ಈ ಸಲ ಚಪ್ಪಾಳೆ ಬೀಳಲಿಲ್ಲ. ಆದರೆ ಹಿಂದಿನ ಬೆಂಚುಗಳಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ ಎದ್ದು ನಿಂತರು. ಸಾವಕಾರರು ಹಾರ ಹಿಡಿದುಕೊಂಡು ಹೊರಗೆ ಹೋಗುವ ತನಕ ನಿಂತೇ ಇದ್ದರು.

ಹೋದ ತಿಂಗಳು ನನ್ನ ಮೈದುನನ ಮದುವೆ ಅದೇ ಕಾರ್ಯಾಲಯದಲ್ಲಿ ಗೊತ್ತಾಯಿತು. ನಾನು ಒಳಗೆ ಬರುವುದಿಲ್ಲ ಅಂದೆ. ಅತ್ತೆ ನೊಂದುಕೊಂಡರು. "ಒಂದು ಗಿಡದ ಸಲುವಾಗಿ ಮನಿ ಮದವಿ ಬಿಡ್ತೀಯೇನ?" ಎಂದು ಕೇಳಿದರು.

"ಗಿಡಕ್ಕೂ ಹೌದ್ರಿ ಅತ್ತಿ, ಅಕ್ಕೋರಿಗೂ ಹೌದು" ಅಂದೆ.

ಮದುವೆಯ ದಿನ ಬೆಳಿಗ್ಗೆ ಅತ್ತೆ ಮೈದುನನನ್ನು ಕರೆದು ದೇವರ ಮನೆಯ ಮುಂದೆ ಕೂರಿಸಿ, ನನ್ನ ಕೈಗೆ ಅಕ್ಷತೆಯ ಅಕ್ಕಿಕಾಳು ಕೊಟ್ಟರು. ನಾನು ಅಲ್ಲೇ ಅವನ ತಲೆಯ ಮೇಲೆ ಹಾಕಿ, ಸ್ಕೂಟಿ ಹತ್ತಿ ಕೆಲಸಕ್ಕೆ ಹೋದೆ.