ಮಂಜಪ್ಪನವರ ಕೈಯಿಂದ ಕಸಿದ ಬಟ್ಟಲು

ಹೋದ ವರ್ಷ, ಶಿವರಾತ್ರಿಗೆ ಇನ್ನೂ ಕೆಲವು ವಾರ ಇದ್ದಾಗ ನಡೆದ ಸಂಗತಿ ಇದು. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿರುವ ನನ್ನ ತಂಗಿ ಸುಶೀಲಳ ಗಂಡ ಮಂಜಪ್ಪನವರಿಗೆ ಬಾಯಿಯಲ್ಲಿ ಗಡ್ಡೆಯಾಗಿತ್ತು. ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದು ನಾಲ್ಕು ತಿಂಗಳಾಗಿತ್ತು. ಕಾಯಿಲೆ ಹತೋಟಿಗೆ ಬಂದರೂ ಊಟ ಮಾತ್ರ ಸೇರುತ್ತಿರಲಿಲ್ಲ. ಗಂಜಿ, ಹಾಲು ಬಿಟ್ಟರೆ ಬೇರೇನೂ ಇಳಿಯದು. ಸ್ವಲ್ಪ ಖಾರ ತಾಗಿದರೂ ಬಾಯೆಲ್ಲ ಉರಿ. ಬರುವ ಗುರುವಾರದ ತಪಾಸಣೆಯ ಹೊತ್ತಿಗೆ ಬಾಯಿಂದ ಸರಿಯಾಗಿ ತಿನ್ನದಿದ್ದರೆ ಹೊಟ್ಟೆಗೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಕೇಳಿದ ದಿನದಿಂದ ಮಂಜಪ್ಪನವರು ಮಾತನ್ನೇ ಬಿಟ್ಟಿದ್ದರು.

ಸುಶೀಲ ಫೋನಿನಲ್ಲಿ ಅತ್ತಳು. "ಮಟನ್ ಅಂದ್ರೆ ಜೀವ ಬಿಡ್ತಿದ್ರು ಅಕ್ಕಾ. ಕುಕ್ಕರಲ್ಲಿ ಎಂಟು ಸೀಟಿ ಕೂಗಿಸಿದ್ರೂ ನಾರು ಗಂಟಲಿಗೆ ಹಿಡಿತದೆ ಅಂತಿದ್ರು."

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನರ್ಸಾಗಿದ್ದವಳು. ನಿವೃತ್ತಿಯಾದ ಮೇಲೂ ಎಲ್ಲವೂ ಗಡಿಯಾರದ ಪ್ರಕಾರವೇ. ಶಿಕಾರಿಪುರದ ನಮ್ಮ ಮನೆಯಲ್ಲಿ ಮಗಳು ಕೊಟ್ಟುಹೋಗಿದ್ದ ಸ್ಲೋ ಕುಕ್ಕರ್ ಒಂದಿತ್ತು. ಒಳಗೆ ಪಿಂಗಾಣಿ ಪಾತ್ರೆ, ಸುತ್ತ ಕರೆಂಟಿನ ಸಣ್ಣ ಶಾಖ; ಎಂಟು ಗಂಟೆ ಬೇಯಿಸಿದರೆ ಮಾಂಸ ಬೆಣ್ಣೆಯಾಗುತ್ತದೆ. ಜೊತೆಗೆ ಬಂದ ಪುಸ್ತಕದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯವರು ಮಾಡುವ ಕುರಿ ಮಾಂಸದ ವಿಧಾನವಿತ್ತು. ಆಲಿವ್ ಎಣ್ಣೆ, ಬೆಳ್ಳುಳ್ಳಿ, ಕ್ಯಾರೆಟ್, ಟೊಮ್ಯಾಟೊ, ನಿಂಬೆರಸ, ಓರೆಗಾನೊ ಎಂಬ ಒಣಸೊಪ್ಪು. ಒಂದೇ ಒಂದು ಮೆಣಸಿನಕಾಯಿ ಇಲ್ಲ! ಮಂಜಪ್ಪನವರಿಗೆಂದೇ ಬರೆದಂತಿತ್ತು. ಹುಳಿ ಬಾಯಿಗೆ ತಾಗುತ್ತದೆಂದು ನಿಂಬೆಯನ್ನೂ ಟೊಮ್ಯಾಟೊವನ್ನೂ ಕೈಬಿಟ್ಟೆ. ಮೊಮ್ಮಕ್ಕಳು ಪಿಜ್ಜಾ ತರಿಸಿದಾಗ ಉಳಿದಿದ್ದ ಒಣಸೊಪ್ಪಿನ ಚಿಕ್ಕ ಪೊಟ್ಟಣಗಳನ್ನು ಹುಡುಕಿ ತೆಗೆದುಕೊಂಡೆ.

ಶನಿವಾರ ಎಳೆ ಕುರಿಯ ಮಾಂಸ ಕೊಂಡು, ಐಸ್ ತುಂಬಿದ ಡಬ್ಬಿಯಲ್ಲಿಟ್ಟು, ಕುಕ್ಕರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುಪ್ಪಗಡ್ಡೆಗೆ ಹೋದೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಎಲ್ಲ ಹಾಕಿ ಗುಂಡಿ ತಿರುಗಿಸಿದೆ. ಮಧ್ಯಾಹ್ನ ಒಂದೂವರೆಗೆ ಊಟ ಎಂದು ಹೇಳಿ, ಸುಶೀಲಳನ್ನು ಕರೆದುಕೊಂಡು ಔಷಧಿ ತರಲು ಆರೂವರೆಯ ಬಸ್ಸಿಗೆ ಸೊರಬಕ್ಕೆ ಹೊರಟೆ. ಹನ್ನೊಂದೂವರೆಗೆ ಬಂದಾಗ ಕುಕ್ಕರಿನ ಕೆಂಪು ದೀಪ ಉರಿಯುತ್ತಿತ್ತು. ಮನೆಯೆಲ್ಲ ಘಮ. ನಾಲ್ಕು ತಿಂಗಳಲ್ಲಿ ಮೊದಲ ಸಲ ಮಂಜಪ್ಪನವರು ತಾವಾಗಿ ಎದ್ದು ಅಡುಗೆಮನೆ ಬಾಗಿಲಿಗೆ ಬಂದರು.

"ಆತೇನ್ರಿ ಅಕ್ಕಾ?"

"ಒಂದೂವರೆ ಅಂದ್ರೆ ಒಂದೂವರೆ. ಕೈ ತೊಳ್ಕೊಂಡು ಕೂತ್ಕೊಳ್ಳಿ," ಎಂದೆ.

ಸಮಯಕ್ಕೆ ಸರಿಯಾಗಿ ಮುಚ್ಚಳ ತೆಗೆದೆ. ಮಾಂಸ ನಾನು ಅಂದುಕೊಂಡಷ್ಟು ಮೆತ್ತಗಾಗಿರಲಿಲ್ಲ. ಕುರಿ ಸ್ವಲ್ಪ ಬಲಿತದ್ದಿರಬೇಕು ಎಂದುಕೊಂಡು ಚಮಚದಲ್ಲಿ ಚೆನ್ನಾಗಿ ಮಸೆದು ಬಟ್ಟಲಿಗೆ ಹಾಕಿಕೊಟ್ಟೆ. ಅವರು ಒಂದು ಚಮಚ ತುಂಬಿಕೊಂಡು ಊದಿದರು. ಮುಖ ಅರಳಿತ್ತು.

"ಬೆಳಿಗ್ಗೆ ವಾಸ್ನೆನೇ ಇರ್ಲಿಲ್ಲ ಅಕ್ಕಾ. ಕರೆಂಟ್ ಬಂದ್ಮೇಲೆ ನೋಡಿ, ಘಮ್ಮಂತ ಶುರುವಾತು."

"ಕರೆಂಟ್ ಹೋಗಿತ್ತಾ? ಯಾವಾಗ?"

"ನೀವು ಬಸ್ಸಿಗೆ ಹೋದ್ರಲ್ಲ, ಅದರ ಹಿಂದೇ ಹೋತು. ಹತ್ತು ಗಂಟೆಗೇನೋ ಬಂತಪ್ಪ."

ಚಮಚ ಬಾಯಿಯ ಹತ್ತಿರ ಇತ್ತು. ನಾನು ಯೋಚಿಸಲಿಲ್ಲ. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಬಟ್ಟಲು ಕಸಿದುಕೊಂಡೆ. ರಸ ಅವರ ಪಂಚೆಯ ಮೇಲೆ ಚೆಲ್ಲಿತು.

ಆಗಿದ್ದಿಷ್ಟು. ಒಂದು ಗಂಟೆ ಬೆಚ್ಚಗಾದ ಹಸಿ ಮಾಂಸ ಮೂರು ಗಂಟೆಗೂ ಮೇಲೆ ಉಗುರುಬೆಚ್ಚಗೆ ಕೂತಿತ್ತು. ಕರೆಂಟ್ ಬಂದ ಕೂಡಲೇ ಕುಕ್ಕರ್ ತಾನಾಗಿ ಮತ್ತೆ ಕಾಯತೊಡಗಿತ್ತು. ನಾನು ಗಡಿಯಾರವನ್ನು ನಂಬಿ ಬಡಿಸಿದ್ದೆ.

ಸುಶೀಲ ನನ್ನ ಮೇಲೆ ಹರಿಹಾಯ್ದಳು. "ನಿಂಗೇನ್ ತಲೆ ಕೆಟ್ಟಿದ್ಯಾ? ಇನ್ನೊಂದು ಕುದಿ ಕುದಿಸಿದ್ರೆ ಆತಿತ್ತು!"

"ಕುದಿಸಿದ್ರೆ ಕ್ರಿಮಿ ಸಾಯ್ತವೆ ಕಣೇ, ಅವು ಬಿಟ್ಟ ವಿಷ ಸಾಯಲ್ಲ. ನೀನು ನಾನು ತಿಂದ್ರೆ ಎರಡು ದಿನ ಭೇದಿ. ಇವ್ರು ತಡ್ಕೊಳ್ತಾರಾ?"

ಲಸಿಕೆಯ ತಂಪು ತಪ್ಪಿದೆ ಎಂಬ ಅನುಮಾನ ಬಂದರೂ ಆ ಬಾಟಲಿಯನ್ನು ಬಳಸಬಾರದು, ಎಷ್ಟೇ ಬೆಲೆಯದ್ದಾದರೂ ಸರಿ. ಇದು ನರ್ಸುಗಳಿಗೆ ಕಲಿಸುವ ಪಾಠ. ಅಂಥ ಬಾಟಲಿಗಳನ್ನು ನಾನು ಎಷ್ಟೋ ಎಸೆದಿದ್ದೇನೆ, ಎರಡನೇ ಸಲ ಯೋಚಿಸದೆ. ಈ ಬಟ್ಟಲನ್ನು ಎಸೆಯುವುದು ಅಷ್ಟು ಸುಲಭವಿರಲಿಲ್ಲ. ಮಂಜಪ್ಪನವರು ಪಂಚೆ ಒರೆಸಿಕೊಳ್ಳುತ್ತಾ, "ಡಾಕ್ಟ್ರು ಕಸ್ಕೊಂಡ್ರು, ನೀವೂ ಕಸ್ಕೊಂಡ್ರಿ," ಎಂದಷ್ಟೇ ಹೇಳಿ ಹೋಗಿ ಗೋಡೆ ಕಡೆಗೆ ತಿರುಗಿ ಮಲಗಿಬಿಟ್ಟರು. ನಾನು ಹಿತ್ತಿಲಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ನಾಯಿಗಳಿಗೂ ಸಿಗದಂತೆ ಎಲ್ಲವನ್ನೂ ಹೂತೆ.

ಸಂಜೆಯ ಬಸ್ಸಿಗೆ ಊರಿಗೆ ಮರಳಬೇಕಿತ್ತು. ಹೋಗಲಿಲ್ಲ. ಸೋಮವಾರ ಆ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಇಡೀ ದಿನ ಸುಶೀಲ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಸಂಜೆ ಸೊರಬಕ್ಕೆ ಹೋಗಿ ಮಾಂಸ ತಂದು ಫ್ರಿಜ್ಜಿನಲ್ಲಿಟ್ಟೆ. ಲೈನ್‌ಮನ್‌ಗೆ ಫೋನ್ ಮಾಡಿಸಿ, "ನಾಳೆ ಕರೆಂಟ್ ತೆಗೀತೀರೇನಪ್ಪಾ?" ಎಂದು ಕೇಳಿದೆ. "ನಾಳೆ ಲೈನ್ ಕೆಲಸ ಇಲ್ಲಮ್ಮ. ಆದ್ರೂ ಗ್ಯಾರಂಟಿ ಕೊಡಕ್ಕಾಗಲ್ಲ," ಎಂದು ನಕ್ಕ.

ಮಂಗಳವಾರ ಐದೂವರೆಗೆ ಮತ್ತೆ ಗುಂಡಿ ತಿರುಗಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ವಾಕಿಂಗ್ ಇಲ್ಲ, ಪೇಪರ್ ಇಲ್ಲ, ತಿಂಡಿಯೂ ಅಲ್ಲೇ. ಐಸಿಯುವಿನ ರೋಗಿಯ ಪಕ್ಕದಲ್ಲೂ ನಾನು ಅಷ್ಟು ಅಲುಗಾಡದೆ ಕೂತಿರಲಿಲ್ಲ. ಕೆಂಪು ದೀಪ ಒಮ್ಮೆ ಮಿಣಕ್ ಎಂದಿತು. ನನ್ನ ಎದೆಯೂ ಹಾಗೇ ಅಂದಿತು. ಮತ್ತೆ ಆರಲಿಲ್ಲ.

ಒಂದೂವರೆಗೆ ಮುಚ್ಚಳ ತೆಗೆದರೆ ಮೂಳೆ ಬರಿಗೈಯಲ್ಲಿ ಕಳಚಿ ಬಂತು. ಮಸೆಯುವ ಅಗತ್ಯವೇ ಇರಲಿಲ್ಲ. ಮಂಜಪ್ಪನವರು ಬಟ್ಟಲನ್ನು ಎದೆಗೆ ಒತ್ತಿ ಹಿಡಿದುಕೊಂಡು ನನ್ನಿಂದ ಎರಡು ಮಾರು ದೂರ ಸರಿದು ಕೂತರು. ಸುಶೀಲ ಬಾಗಿಲಲ್ಲಿ ನಿಂತಿದ್ದಳು. ಒಂದು ಚಮಚ ಒಳಗೆ ಹೋಯಿತು. ಗಂಟಲು ಮೆಲ್ಲಗೆ ಆಡಿತು. ಕೆಮ್ಮಲಿಲ್ಲ. ಎರಡು, ಮೂರು. ಬಟ್ಟಲು ಖಾಲಿಯಾಯಿತು. ಕೊನೆಗೆ ಅವರು ತುಟಿ ಒರೆಸಿಕೊಂಡು ಗಂಭೀರವಾಗಿ ಹೇಳಿದರು:

"ಎಲ್ಲಾ ಸರಿ ಅಕ್ಕಾ. ಖಾರ ಒಂಚೂರು ಸಾಲ್ದು."

ಸುಶೀಲ ನಗುತ್ತಾ ನಗುತ್ತಾ ಅಲ್ಲೇ ಕುಸಿದು ಕೂತಳು. ನನಗೂ ತಡೆಯಲಾಗಲಿಲ್ಲ.

ಗುರುವಾರ ತೂಕ ನೋಡಿದಾಗ ಹೆಚ್ಚೇನೂ ಏರಿರಲಿಲ್ಲ. ಆದರೆ ಬಾಯಿಂದಲೇ ಮಾಂಸ ತಿಂದರೆಂದು ಕೇಳಿ ಡಾಕ್ಟರು ನಳಿಕೆಯ ಮಾತನ್ನು ಹದಿನೈದು ದಿನ ಮುಂದೂಡಿದರು. ಕುಕ್ಕರನ್ನು ಅಲ್ಲೇ ಬಿಟ್ಟು ಬಂದೆ. ಹದಿನೈದು ದಿನದ ನಂತರ ನಳಿಕೆಯ ಅಗತ್ಯವೇ ಬೀಳಲಿಲ್ಲ.

ಊಟಕ್ಕೆ ಕೂತಾಗ ಮಾತಾಡಬಾರದು ಎಂದು ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ಕಲಿತವಳು ನಾನು. ಮನೆಯಲ್ಲೂ ಅದನ್ನೇ ನಡೆಸಿಕೊಂಡು ಬಂದಿದ್ದೆ. ಆ ಭಾನುವಾರ ಮಂಜಪ್ಪನವರು ಮಾತು ತೆಗೆದಾಗಲೂ "ಮೊದಲು ಊಟ ಮಾಡಿ" ಎನ್ನಲು ಬಾಯಿ ತೆರೆದಿದ್ದೆ. ಅಷ್ಟು ದಿನದ ಮೇಲೆ ಮಾತಾಡುತ್ತಿದ್ದಾರಲ್ಲ ಎಂದು ಸುಮ್ಮನಾದೆ. ಸುಮ್ಮನಾಗದೆ ಇದ್ದಿದ್ದರೆ? ನೆನೆದಾಗಲೆಲ್ಲ ಸದ್ಯ, ದೇವರು ದೊಡ್ಡವನು ಎನಿಸುತ್ತದೆ. ಈಗ ಮೊಮ್ಮಕ್ಕಳು ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಹರಟುತ್ತಾರೆ. ಅನ್ನ ಆರಿಹೋಗುತ್ತದೆ. ನಾನು ಬಡಿಸುತ್ತಾ ಕೇಳಿಸಿಕೊಳ್ಳುತ್ತೇನೆ.