ಭಾವನ ಕೈಗುಣ

ನಡುಗುವ ಇಂಜಿನ್ನನ್ನು ಬರೀ ಮುಟ್ಟಿ ಸುಮ್ಮನಾಗಿಸುವ ಮನುಷ್ಯನೊಬ್ಬ ಬೈಲಹೊಂಗಲದಲ್ಲಿದ್ದ ಎಂದು ಈಗಲೂ ಹೇಳುವವರಿದ್ದಾರೆ. ಆತ ನನ್ನ ಗಂಡನ ಅಣ್ಣ. ಆ ಕೈಗುಣದ ಕಥೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆಂದರೆ ಆ ಇಂಜಿನ್ನಿದ್ದ ಕಾರು ನಡೆಸುತ್ತಿದ್ದವಳು ನಾನು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮದು ಹತ್ತಿ ವ್ಯಾಪಾರದ ಕೂಡು ಮನೆತನ. ಗಂಡನಿಗೆ ಕಣ್ಣು ಮಂಜಾದ ಮೇಲೆ ಮನೆಯ ಹಳೆಯ ಪೆಟ್ರೋಲ್ ಕಾರು ನನ್ನ ಕೈಗೆ ಬಂತು. ಅಲ್ಲಿಯವರೆಗೆ ರಾಮದುರ್ಗದ ತವರಿಗೆ ಹೋಗಬೇಕೆಂದರೆ ಮೊದಲು ಅತ್ತೆಯ ಮುಖ ನೋಡಬೇಕು, ಆಮೇಲೆ ಭಾವನ ಪುರಸೊತ್ತು ನೋಡಬೇಕು, ಜೊತೆಗೊಬ್ಬ ಗಂಡಸು ಬೇಕು. ಕಾರು ಕಲಿತ ಮೇಲೆ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಸವದತ್ತಿ ಮೇಲೆ ಹಾಯ್ದು, ಮಧ್ಯಾಹ್ನದ ಊಟಕ್ಕೆ ಅವ್ವನ ಮುಂದೆ ಕೂತಿರುತ್ತಿದ್ದೆ. ಆ ಕಾರು ಹೋದರೆ ಮತ್ತೆ ಅದೇ ಅಪ್ಪಣೆ, ಅದೇ ಕಾಯುವುದು.

ದಸರೆ ಮುಗಿದ ಮೇಲೆ ಅದಕ್ಕೆ ನಡುಕ ಹತ್ತಿತು. ಓಡುವಾಗ ಏನೂ ಇಲ್ಲ. ನಿಲ್ಲಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಕನ್ನಡಿ, ಬಾಗಿಲು, ಸೀಟು ಎಲ್ಲ ಗಡಗಡ. ಕಿತ್ತೂರಿಗೆ ಹೋಗುವಾಗ ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದರಂತೂ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು.

ಭಾವ ಕಟ್ಟೆಯ ಮೇಲೆ ಕೂತೇ ತೀರ್ಪು ಕೊಟ್ಟ. ಜೀವಮಾನದಲ್ಲಿ ಒಂದು ಗಾಲಿ ಬಿಚ್ಚಿದವನಲ್ಲ. "ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗೋದು. ಕ್ಲಚ್ಚಿನ ಮ್ಯಾಲಿನ ಕಾಲ ತಗಿಯೂದಿಲ್ಲ."

"ಗಾಡಿಯೊಳಗ ಏನೋ ಕೆಟ್ಟೈತ್ರಿ," ಎಂದೆ.

"ಕುಣಿಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಕಣ್ಣು ಕಾಣದ ನನ್ನ ಗಂಡ ಆ ಹೊತ್ತಿಗೆ ಸರಿಯಾಗಿ ಪೇಪರು ಓದತೊಡಗಿದ.

ಆಮೇಲೆ ಭಾವನ ಗೆಳೆಯನೊಬ್ಬ ಬಂದ, ಟ್ರ್ಯಾಕ್ಟರು ರಿಪೇರಿ ಮಾಡುವವ. ಕಾರು ನಡೆಸುವವಳು ಎದುರಿಗೇ ನಿಂತಿದ್ದರೂ ಏನಾಗುತ್ತದೆ ಎಂದು ಕೇಳಿದ್ದು ಭಾವನನ್ನು. ಒಂದು ಸ್ಕ್ರೂ ತಿರುಗಿಸಿದ, ಇಂಜಿನ್ ಬೊಬ್ಬೆ ಹೊಡೆಯಿತು, ಆ ಗದ್ದಲದಲ್ಲಿ ನಡುಕ ಅಡಗಿಕೊಂಡಿತು. "ಈಗ ಹೆಂಗೈತಿ ನೋಡ್ರಿ," ಎಂದು ಚಹಾ ಕುಡಿದು ಹೋದ. ಅಂದಿನಿಂದ ಕಾರು ನಾನು ಕಾಲಿಡುವ ಮೊದಲೇ ಮುಂದೆ ನುಗ್ಗತೊಡಗಿತು. ಇನ್ನೊಬ್ಬ ಬಂದು ಇಂಜಿನ್ನಿನ ಕೆಳಗಿನ ರಬ್ಬರು ಬದಲಿಸಿದ. ಮತ್ತೊಬ್ಬ ಪ್ಲಗ್ಗು ಬದಲಿಸಿದ. ಒಬ್ಬನಾದರೂ ಕಿವಿಗೊಟ್ಟು ಕೇಳಲಿಲ್ಲ. ಗಂಡಸರಿಗೆ ಬಾನೆಟ್ಟು ತೆರೆಯುವುದೆಂದರೆ ಮಾತು ಶುರುಮಾಡಲು ಒಂದು ನೆವ.

ಕೊನೆಗೆ ಭಾವ ಅಂದ, "ಸಾಕಾತು. ಮಾರಿಬಿಡೂಣು." ಚಚಡಿ ಊರಿನ ಗಿರಾಕಿಯೊಬ್ಬರು ಬಂದು ನೋಡುವುದೆಂದೂ ನಿಕ್ಕಿಯಾಯಿತು.

ಅವರು ಬರುವ ದಿನ ಬೆಳಿಗ್ಗೆ ಗಂಡಸರೆಲ್ಲ ಪೇಟೆಗೆ ಹೋದ ಮೇಲೆ ಅಂಗಳದಲ್ಲಿ ಬಾನೆಟ್ಟು ಎತ್ತಿದೆ. ಇಂಜಿನ್ ಚಾಲೂ ಮಾಡಿ, ಟ್ರ್ಯಾಕ್ಟರಿನವ ತಿರುಗಿಸಿದ್ದ ಆ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ, ನಡುಗು ಎಂದು ಬಿಟ್ಟೆ. ಕಿವಿಗೊಟ್ಟರೆ ಸಣ್ಣಗೆ ಸುಸ್ ಎನ್ನುವ ಸದ್ದು. ರಬ್ಬರು ಸವೆದ ಕುಕ್ಕರು ದೊಡ್ಡ ಉರಿಯಲ್ಲಿ ಹೇಗೋ ಸೀಟಿ ಹೊಡೆಯುತ್ತದೆ, ಸಣ್ಣ ಉರಿಯಲ್ಲಿ ಬರೀ ಸುಸ್ ಎನ್ನುತ್ತದೆ. ಓಡುವಾಗ ಸುಮ್ಮನಿದ್ದು ನಿಂತಾಗ ನಡುಗುವುದೂ ಅದೇ ಲೆಕ್ಕ ಇರಬೇಕು ಅನ್ನಿಸಿತು. ಎಲ್ಲೋ ಗಾಳಿ ಹಾಯುತ್ತಿದೆ. ಸದ್ದಿನ ಬೆನ್ನು ಹತ್ತಿ ಬೆರಳಾಡಿಸುತ್ತ ಹೋದೆ. ಕಾರ್ಬ್ಯುರೇಟರಿನ ಹಿಂದೆ ಒಂದು ಸಣ್ಣ ರಬ್ಬರ್ ಪೈಪು ನನ್ನ ಬೆರಳನ್ನು ಒಳಕ್ಕೆ ಎಳೆಯಿತು. ಒತ್ತಿ ಹಿಡಿದೆ. ಇಂಜಿನ್ ತೆಪ್ಪಗಾಯಿತು. ಬಿಟ್ಟೆ, ಗಡಗಡ. ಮತ್ತೆ ಹಿಡಿದೆ, ತೆಪ್ಪಗೆ. ಅಂಗಳದಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕುಬಿಟ್ಟೆ.

ಬಂದ್ ಮಾಡಿ, ಆರಿದ ಮೇಲೆ ಆ ಪೈಪಿನ ಜಿಡ್ಡು ಒರೆಸಿದರೆ ಅದಕ್ಕೆ ಬಿಗಿಯಾಗಿ ಸುತ್ತಿದ ತಾಮ್ರದ ತಂತಿ. ರಬ್ಬರನ್ನು ಕೊಯ್ದು ಒಳಗಿಳಿದಿತ್ತು. ತಂತಿಯಲ್ಲಿ ಒಣಗಿದ ಚೆಂಡು ಹೂವಿನ ತೊಟ್ಟು.

ದಸರೆಯಲ್ಲಿ ಆಯುಧ, ಗಾಡಿಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಬೇರೆಯವರು ಬಾನೆಟ್ಟಿನ ಮೇಲೆ ಮಾಲೆ ಹಾಕಿದರೆ ನಮ್ಮ ಭಾವ, "ಖರೇ ಪೂಜಿ ಇಂಜಿನ್ನಿಗೆ ಆಗಬೇಕು," ಎಂದು ಒಳಗೆಲ್ಲ ವಿಭೂತಿ ಬಳಿದಿದ್ದ, ಚೆಂಡು ಹೂವಿನ ಮಾಲೆಯನ್ನೂ ತಂತಿಯಿಂದ ಒಳಗೇ ಕಟ್ಟಿದ್ದ. ನಾನು ಹತ್ತಿರ ಹೋದರೆ, "ನಿನಗೇನ ತಿಳೀತೈತಿ, ಅತ್ತಾಗ ಸರಿ," ಎಂದು ಗದರಿದ್ದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಒಬ್ಬನೇ ಮನುಷ್ಯನ ಕೆಲಸ.

ತಂತಿ ಬಿಚ್ಚಿ ಮುಷ್ಟಿಯಲ್ಲಿಟ್ಟುಕೊಂಡು ಕಾದೆ. ಭಾವ ಗಿರಾಕಿಯನ್ನು ಕರೆದುಕೊಂಡೇ ಬಂದ. ನಾನು ಇಂಜಿನ್ ಚಾಲೂ ಮಾಡಿ, "ಭಾವಾರ, ಇಲ್ಲೆ ಬರ್ರಿ. ಇದನ್ನೊಂಚೂರು ಒತ್ತಿ ಹಿಡೀರಿ," ಎಂದೆ. ಹಿಡಿದ. ಸದ್ದು ಇಳಿದು, ನಡುಕ ನಿಂತಿತು. ಇನ್ನು ಮುಷ್ಟಿ ಬಿಚ್ಚಿ ತೋರಿಸುವುದೊಂದು ಬಾಕಿ.

ಅಷ್ಟರಲ್ಲಿ ಗಿರಾಕಿ, "ಅಬಾಬಾ, ಏನ ಕೈಗುಣರಿ ನಿಮ್ದು," ಎಂದರು.

ಭಾವನ ಮುಖ ಪೂರಿಯಂತೆ ಉಬ್ಬಿತು. ಪೈಪು ಬಿಡದೆಯೇ ಹೇಳಿದ, "ಮನೀ ಗಾಡಿ ನೋಡ್ರಿ. ಯಜಮಾನನ ಕೈ ಬಿದ್ರ ಸುಮ್ನಾಗತೈತಿ. ಇದನ್ನ ಕೊಡೂದಿಲ್ಲ ತಗೋರಿ."

ನನ್ನ ಗಂಟಲಿನವರೆಗೆ ಬೈಗುಳ ಬಂದಿತ್ತು. ಆದರೆ ಆತನನ್ನು ನಾನು ಬಲ್ಲೆ. ನಾಲ್ಕು ಜನರೆದುರು ಮಾನ ಹೋದರೆ ಅಂದೇ ಸಂಜೆ ಕಾರು ಮಾರುವವ. ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿದೆ. ತಂತಿ ಅಂಗೈಗೆ ಚುಚ್ಚುತ್ತಿತ್ತು. ಮರುದಿನ ಹೊಸ ಪೈಪು ತಂದು ನಾನೇ ಹಾಕಿದೆ, ಯಾರೂ ಕೇಳಲಿಲ್ಲ, ಯಾಕೆಂದರೆ ಕಾರು ಆಗಲೇ ಗುಣವಾಗಿತ್ತಲ್ಲ.

ಮುಂದಿನ ವಾರ ರಾಮದುರ್ಗಕ್ಕೆ ಹೋದರೆ ಕಥೆ ನನಗಿಂತ ಮೊದಲೇ ಮುಟ್ಟಿತ್ತು. "ನಿಮ್ಮ ಭಾವ ಮುಟ್ಟಿದ್ರ ಇಂಜಿನ್ನ ಸುಮ್ನಾಗತಾವಂತಲ್ಲ, ಖರೇ ಏನ?" ಎಂದು ಅವ್ವ ಕೇಳಿದಳು. ತಂತಿಯನ್ನು ಅವಳ ಅಂಗೈಯಲ್ಲಿಟ್ಟು ಎಲ್ಲ ಹೇಳಿದೆ, ಸಿಟ್ಟಿಗೆ ಕಣ್ಣಲ್ಲಿ ನೀರೂ ಬಂತು. ಅವಳು ಹೂವಿನ ತೊಟ್ಟನ್ನು ಉಗುರಿನಿಂದ ಕೆದರಿ ತೆಗೆದಳು. ತಂತಿಯನ್ನು ಒಲೆಯ ಬೂದಿಗೆ ಎಸೆದಳು.

"ಯಾರ ಮುಂದೂ ಹೇಳಬ್ಯಾಡ," ಎಂದಳು. "ಮುಂದಿನ ವಾರ ಬರತೀಯಲ್ಲ?"

"ಬರತೇನಿ," ಎಂದೆ.