ತಂಗಿಯ ವಕಾಲತ್ತು

ಗ್ರಂಥಾಲಯದ ಬಾಗಿಲು ದಾಟುವಾಗಲೇ ಇವತ್ತು ಯಾಲಕ್ಕಿಯ ವಾಸನೆ ಬಂತು. ಓದುವ ಮೇಜಿನ ಮೇಲೆ ಸ್ಟೀಲಿನ ಡಬ್ಬಿ, ಅದರ ತುಂಬ ಶೇಂಗಾದ ಉಂಡಿ. ನಾಗರಪಂಚಮಿ ಬಂತೆಂದರೆ ಕುಷ್ಟಗಿಯ ನಮ್ಮ ಕಾದಂಬರಿ ಕೂಟಕ್ಕೆ ಇರಕಲ್ಲಗಡದಿಂದ ಈ ಡಬ್ಬಿ ಬರಲೇಬೇಕು. ಮೊದಲು ಬರುತ್ತಿರಲಿಲ್ಲ. ಬರತೊಡಗಿದ್ದು ಹೇಗೆಂದು ನಿಮಗೆ ಹೇಳುತ್ತೇನೆ, ಆದರೆ ಉಂಡಿ ಬಾಯಲ್ಲಿದ್ದಾಗ ಅವಸರ ಮಾಡುವುದು ನನ್ನಿಂದಾಗದು.

ತಿಂಗಳಿಗೊಂದು ಭಾನುವಾರ, ಪತ್ರಿಕೆ ಓದುವವರು ಊಟಕ್ಕೆ ಎದ್ದುಹೋದ ಮೇಲೆ, ನಾವು ಐದಾರು ಜನ ಸೇರುತ್ತೇವೆ. ಕಾದಂಬರಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳಿ ಚಹಾ ಕುಡಿದು ಹೋಗುವ ಕೂಟವಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರದ ವಕಾಲತ್ತು ಹಿಡಿಯಬೇಕು; ಆ ಪಾತ್ರವೇ ಆಗಿ, ‘ನಾನು’ ಎಂದೇ ವಾದಿಸಬೇಕು. ಈ ಪದ್ಧತಿ ಹಾಕಿಕೊಟ್ಟವರು ಬಳೆ ಅಂಗಡಿಯ ಶಂಶಾದಕ್ಕ. ಅವರಿಗೆ ಎಂಥ ಕೆಟ್ಟ ಅತ್ತೆಯಾದರೂ ಆದೀತು. “ಅಕಿಗೂ ಒಬ್ಬರು ಬೇಕಲ್ರಿ,” ಅನ್ನುತ್ತಾರೆ. ನಾನು ಮಾತ್ರ ಮುಂಚೆಯೇ ನಾಯಕನನ್ನು ಹಿಡಿದುಬಿಡುತ್ತಿದ್ದೆ. ದೊಡ್ಡವನ ಪರ ಮಾತಾಡಿದರೆ ಅಷ್ಟು ಹೊತ್ತಾದರೂ ನಾನು ದೊಡ್ಡವನಾಗಿ ಕಾಣುತ್ತಿದ್ದೆ. ಮನೆಯಲ್ಲಿ ಆ ಸೌಕರ್ಯವಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕಾದಂಬರಿ ತೆಗೆದುಕೊಂಡೆವು. ಅದರಲ್ಲಿ ತವರಿನ ಹೊಲದಲ್ಲಿ ಪಾಲು ಕೇಳಿ ತಂಗಿ ಕೋರ್ಟಿಗೆ ಹೋಗುತ್ತಾಳೆ. ಅಣ್ಣನೇ ನಾಯಕ, ಹಾಗಾಗಿ ಅವನು ನನ್ನವನು. ಎಲ್ಲರೂ ಆರಿಸಿಕೊಂಡ ಮೇಲೆ ತಂಗಿಯೊಬ್ಬಳು ಉಳಿದಳು, ವಿರೂಪಣ್ಣ ಮಾಸ್ತರೂ ಉಳಿದರು. ಮಾಸ್ತರು ಹೈಸ್ಕೂಲಿನಿಂದ ನಿವೃತ್ತರಾದವರು. ಅವರ ತಂಗಿ ಗೌರವ್ವ ಇರಕಲ್ಲಗಡಕ್ಕೆ ಕೊಟ್ಟ ಹೆಣ್ಣು. ಅವರೂ ಹೀಗೇ ಪಾಲು ಕೇಳಿದರೆಂದು ಮಾಸ್ತರು ಮಾತು ಬಿಟ್ಟಿದ್ದರು, ಪಂಚಮಿಗೆ ತವರಿಗೆ ಕರೆಯುವುದನ್ನೂ ನಿಲ್ಲಿಸಿದ್ದರು. ಇದು ನಮಗೆಲ್ಲ ಗೊತ್ತಿತ್ತು.

“ಮಾಸ್ತರ್ರ, ಅಕೀದು ನೀವ ಹಿಡೀರಿ,” ಎಂದರು ಶಂಶಾದಕ್ಕ.

“ನನ್ನ ಕಡಿಂದ ಆಗೂದಿಲ್ಲ,” ಎಂದರು ಮಾಸ್ತರು.

“ಹಂಗಾರ ಅಕಿ ಸೋತ್ಲು ಅಂತ ಬಿಟ್ಟುಬಿಡೂಣೇನ್ರಿ?”

ಮಾಸ್ತರು ಚಪ್ಪಲಿ ಮೆಟ್ಟಿ ಹೊರಟುಹೋದರು. ನನಗೆ ಶಂಶಾದಕ್ಕನ ಮೇಲೆ ಸಿಟ್ಟು ಬಂತು. ಕೂಟ ಇಲ್ಲಿಗೆ ಮುಗಿಯಿತೆಂದೇ ಅಂದುಕೊಂಡೆ.

ಮುಂದಿನ ತಿಂಗಳು ಮಾಸ್ತರು ಬಂದರು, ಕಂಕುಳಲ್ಲಿ ಅದೇ ಕಾದಂಬರಿ. ಕೂತವರೇ ಶುರು ಮಾಡಿದರು.

“ನಾ ಆ ಮನ್ಯಾಗ ಹುಟ್ಟಿದಾಕಿ. ಆ ಹೊಲದಾಗ ಕಸಾ ತಗದಾಕಿ. ಅಣ್ಣ ಓದ್ಲಿ ಅಂತ ನನ್ನ ಸಾಲಿ ಬಿಡಿಸಿದ್ರು. ಅವನ ಅಂಗಿ ಗುಂಡಿ ಹರದಿತ್ತಂದ್ರ ನನ್ನ ಝಂಪರದ್ದು ಕಿತ್ತು ಹಚ್ಚಿ ಕಳಿಸಿದಾಕಿ ನಾ. ಈಗ ಪಾಲು ಕೇಳಿದ್ರ ಅವಗ್ಯಾಕ ಸಿಟ್ಟು ಬರಬೇಕು?”

ನಾವೆಲ್ಲ ಆ ಕಾದಂಬರಿ ಓದಿದವರು. ಅದರಲ್ಲಿ ಗುಂಡಿಯ ಮಾತೇ ಇಲ್ಲ. ಅಣ್ಣನ ಪರ ಎದ್ದು ವಾದಿಸಬೇಕಿದ್ದ ನಾನು ಪುಸ್ತಕ ಮುಚ್ಚಿಟ್ಟೆ. ಶಂಶಾದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಗೆದ್ದಾಳ್ರಿ ಅಕಿ,” ಎಂದರು.

ಆ ವರ್ಷ ಪಂಚಮಿಗೆ ಮಾಸ್ತರು ಇರಕಲ್ಲಗಡಕ್ಕೆ ಹೋಗಿ ತಂಗಿಯನ್ನು ಕರೆತಂದರು. ಹೊಲದ ಪಾಲೂ ಗೌರವ್ವನ ಹೆಸರಿಗಾಯಿತು. ಡಬ್ಬಿ ಬರತೊಡಗಿದ್ದು ಆಗಿನಿಂದ.

ಹೀಗೆ ನೆನೆಯುತ್ತ ಎರಡನೆಯ ಉಂಡಿಗೆ ಕೈಹಾಕಿದ್ದೆ. ಡಬ್ಬಿ ಇಟ್ಟು ಕಪಾಟುಗಳ ಕಡೆ ಹೋಗಿದ್ದ ಮಾಸ್ತರು ತಿರುಗಿ ಬಂದರು. ಈ ಸಲ ಅವರ ಹಿಂದೆ ಗೌರವ್ವನೂ ಇದ್ದರು. ಮಾಸ್ತರು ಇಷ್ಟು ಹೊತ್ತು ತಂಗಿಗೆ ಪುಸ್ತಕಗಳನ್ನು ತೋರಿಸುತ್ತಿದ್ದರಂತೆ. ಗೌರವ್ವ ಕುರ್ಚಿಯ ತುದಿಗೆ ಕೂತರು.

ಈ ತಿಂಗಳ ಕಾದಂಬರಿಯಲ್ಲಿ ಒಬ್ಬ ಹಟಮಾರಿ ಅಣ್ಣನಿದ್ದಾನೆ, ಯಾರಿಗೂ ಬೇಡವಾದವನು. ಈಚೆಗೆ ನಾಯಕರ ಸಹವಾಸ ಬಿಟ್ಟಿರುವ ನಾನು ಅವನ ವಕಾಲತ್ತು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಗೌರವ್ವ ಬಾಯಿ ತೆರೆದರು.

“ನನಗ ಓದಾಕ ಬರಂಗಿಲ್ರಿ. ಅಣ್ಣ ಪೂರಾ ಓದಿ ಹೇಳ್ಯಾನ. ಇವಂದು ನಾ ಹಿಡೀತೀನಿ.”

ಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು. ಗೌರವ್ವ ಅವರ ಕಡೆ ನೋಡದೆ ಶುರು ಮಾಡಿದರು.

“ನಾ ಕೆಟ್ಟಂವ ಅಲ್ರಿ. ತಂಗಿ ಮುಂದ ಹೆಂಗ ಹೋಗಿ ನಿಂದ್ರಲಿ ಅಂತ ನಾಚಿಕೊಂಡು ಕುಂತಿದ್ದೆ, ಅಷ್ಟ.”